ತಾಳವಾಡಿಯಲ್ಲಿ ಪ್ಯಾಡ್ ಆರಿಸಿದ್ದು

ಬೆಂಚಿನ ಮೇಲೆ ಎರಡು ಜೊತೆ.
ಒಂದು ಮಾಮೂಲಿ, ಬೂದು ಬಣ್ಣ, ಸಾವಿರದ ಎಂಟುನೂರು.
ಇನ್ನೊಂದು ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬಂದದ್ದು,
ಡಬ್ಬದ ಮೇಲೆ ಬರೀ ಡಿಗ್ರಿಗಳು:
ಇನ್ನೂರಕ್ಕೆ ಎಚ್ಚರ, ಏಳುನೂರಕ್ಕೂ ಸೋಲದು.

ಜಡೇಸ್ವಾಮಿ ಅದನ್ನು ಮೂಸಿ ನೋಡಿದ.
ದಿಂಬಂ ಘಾಟಿಯ ಲಾರಿಗಳ ಕಾದ ಡ್ರಮ್ಮು
ತಾನಾಗಿ ಆರಲೆಂದು ಇಪ್ಪತ್ತೊಂದು ವರ್ಷ ಬೀಡಿ ಸೇದಿದವನು;
ಸುಟ್ಟ ಲೈನಿಂಗಿನ ವಾಸನೆಯಲ್ಲೇ ಹೇಳಬಲ್ಲ
ಡ್ರೈವರು ಎಷ್ಟನೇ ತಿರುವಿನಲ್ಲಿ ಗೇರು ಮರೆತ ಎಂದು.

"ಚಳೀಲಿ ಇದು ಹಿಡಿಯಲ್ಲ ಕನವ್ವ.
ಟ್ರಾಕಲ್ಲಿ ಸರಿ. ಬೆಳಗಾನ ಚೆಕ್‌ಪೋಸ್ಟು ತೆಗ್ದೇಟ್ಗ
ಹದಿನಾರನೇ ತಿರುವಲ್ಲಿ ಆನ ನಿಂತಿದ್ರ?
ಒಸಿ ತಡಿ, ಬಿಸಿ ಆಯ್ತೀನಿ ಅಂತದ ಇದು.
ಆನ ತಡ್ದದಾ?"

ನಾನು ವಾದ ಮಾಡಿದೆ. ಹೋದ ಸಲ
ನೇರ ಹಾದಿಯ ಕೊನೆಗೆ, ಐದನೇ ಸುತ್ತಿನಲ್ಲಿ,
ಪೆಡಲು ಗಟ್ಟಿಯೇ ಇತ್ತು, ಕಾರಿಗೆ ಮಾತ್ರ ಕೇಳಿಸಲಿಲ್ಲ.
ಜಲ್ಲಿಯಲ್ಲಿ ಹೂತು ನಿಂತು ನಕ್ಕಿದ್ದೆ.
ಕಾಲು ನಗಲಿಲ್ಲ.

ಅವನು ಡಿಸ್ಕಿನ ಅಂಚಿಗೆ ಉಗುರು ಎಳೆದ.
"ಕಿರುಚ್ತದ. ಡಿಸ್ಕ ತಿಂತದ. ಗೊತ್ತಾ?"
ಗೊತ್ತು.

ಕೊನೆಗೆ ಆದದ್ದು ಇಷ್ಟು:
ಮಾಮೂಲಿ ಜೊತೆ ಚಕ್ರಕ್ಕೆ,
ಇನ್ನೊಂದು ಹಳೇ ಟವೆಲ್ಲಿನಲ್ಲಿ ಸುತ್ತಿ ಡಿಕ್ಕಿಗೆ,
ಜಾಕು, ಹದಿನಾಲ್ಕರ ಸ್ಪ್ಯಾನರು,
ಮತ್ತು ಟ್ರಾಕಿನ ಗೇಟಿನಲ್ಲಿ ಬದಲಿಸಿ ಕೊಡಲು
ಜಡೇಸ್ವಾಮಿಯೇ. ಇಸ್ತ್ರಿ ಶರಟು ಹಾಕಿ
ಪಕ್ಕದ ಸೀಟಿನಲ್ಲಿ ಕೂತಿದ್ದಾನೆ;
ಪ್ರತಿ ತಿರುವಿಗೂ
ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ,
ನನಗಿಂತ ತುಸು ಮೊದಲು.