ಸ್ಥಿರಾಸ್ತಿ

ಪಾಲಿಕೆ ಕಾಂಪೌಂಡಿನ ಹೊರಗೆ, ಬೇವಿನ ಬುಡದಲ್ಲಿ
ನನ್ನ ಕಂಪ್ಯೂಟರು, ಒಂದು ಛತ್ರಿ, ಎರಡು ಸ್ಟೂಲು.
ಅಫಿಡವಿಟ್ಟಿಗೆ ಪುಟಕ್ಕೆ ಮೂವತ್ತು.
ನಾಮಪತ್ರದ ಕೊನೇ ದಿನ, ಹನ್ನೊಂದೂವರೆಗೆ
ಹೊನ್ನೂರಬಿ ಬಂದು ಕೂತಳು.
ಸೆರಗಿನ ತುಂಬ ಮಂಡಕ್ಕಿ ಭಟ್ಟಿಯ ಹೊಗೆ.
ಹಿಂದೆ ಸೂಚಕಿ ಗುತ್ಯಮ್ಮ, ಚಪ್ಪಲಿ ಕೈಯಲ್ಲಿ ಹಿಡಿದು.
ಉಂಗುಟ ಕಿತ್ತಿತ್ತು.

ವಯಸ್ಸು?
ರೇಷನ್ ಕಾರ್ಡಿನಲ್ಲಿ ಐವತ್ತೊಂದು,
ಆಧಾರಿನಲ್ಲಿ ಐವತ್ತಾರು,
ವೋಟರ್ ಲಿಸ್ಟಿನಲ್ಲಿ ಅರವತ್ತು.
"ಕಾಟನ್ ಮಿಲ್ಲಿನ ಸೈರನ್ನು ನಿಂತ ವರ್ಷ
ನನ್ನ ಎರಡನೇದು ಹೊಟ್ಟೇಲಿತ್ತು.
ಅದನ್ನ ಹಿಡ್ಕಂಡು ನೀವೇ ಲೆಕ್ಕ ಹಾಕ್ರಿ."
ನಾನು ವೋಟರ್ ಲಿಸ್ಟನ್ನು ನಂಬಿದೆ.

ವಿದ್ಯಾರ್ಹತೆ: ಮೂರನೇ ಕ್ಲಾಸು.
ಇಪ್ಪತ್ತು ವರ್ಷ ಇವಳ ಅರ್ಜಿ ಹೊಡೆದವನು ನಾನು:
ಕಂಬದ ದೀಪಕ್ಕೆ, ಚರಂಡಿಯ ಚಪ್ಪಡಿಗೆ,
ಸತ್ತವನ ಹೆಸರಿಗೇ ಬರುತ್ತಿದ್ದ ಪೆನ್ಷನ್ನು
ಅವನ ಹೆಂಡತಿಗೆ ತಿರುಗಲಿಕ್ಕೆ,
ಅಂಗನವಾಡಿಯ ಮೇಲೆ ಹಾದ ಕರೆಂಟು ತಂತಿ ಸರಿಸಲಿಕ್ಕೆ,
ಅದೊಂದಕ್ಕೇ ಹದಿನಾಲ್ಕು.
ಹದಿನಾಲ್ಕನೆಯದರ ಕೆಳಗೆ 'ತಮ್ಮ ವಿಧೇಯ' ಅಂತ ಹೊಡೆದಾಗ
ಪರದೆಯ ಮೇಲೆ ಬೆರಳಿಟ್ಟು, ಅಳಿಸ್ರಿ, ಅಂದಿದ್ದಳು.
"ಹದಿಮೂರು ಸಲ ವಿಧೇಯ ಆಗೀನಿ.
ಈ ಸಲ ಬರೇ ಹೆಸರು ಇರ್ಲಿ."

ಕ್ರಿಮಿನಲ್ ಪ್ರಕರಣ?
"ಒಂದು. ಹಾಕ್ರಿ."
ಒಂಬತ್ತು ದಿನ ನೀರು ಬಿಡದಾಗ
ಎಂಜಿನಿಯರ ಜೀಪಿನ ಮುಂದೆ ಖಾಲಿ ಕೊಡ ಸಾಲಿಟ್ಟದ್ದು.
ಇನ್ನೂರು ದಂಡ, ಪೂರಾ ಚಿಲ್ಲರೆ.
ಕೋರ್ಟಿನ ಗುಮಾಸ್ತ ಎಣಿಸುತ್ತ ಎರಡು ಸಲ ತಪ್ಪಿದನಂತೆ.
ಇನ್ನೊಂದು ಜಗಳಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ:
ಭಟ್ಟಿಗೆ ಟೈರು ಸುಡಬೇಡಿ ಎಂದು
ತನಗೆ ಕೂಲಿ ಕೊಡುವವರ ಬಾಗಿಲಲ್ಲೇ ಕೂತದ್ದು,
ಆಮೇಲೆ ಮೂರು ತಿಂಗಳು ಯಾರೂ ಕೆಲಸಕ್ಕೆ ಕರೆಯದ್ದು.
ಆ ಸಾಲಿನ ಅರ್ಧ ಓಟು ಇವತ್ತಿಗೂ ಸಿಟ್ಟಿನಲ್ಲಿದೆ.
ಅವಳೇ ಹೇಳಿದಳು, ಮನೆ ಮನೆ ಹೆಸರು ಸಮೇತ.

ಚರಾಸ್ತಿ: ಜರಡಿ ಎರಡು, ಹೊಲಿಗೆ ಮಿಷನ್ನು ಒಂದು.
ಕೈಯಲ್ಲಿರುವ ನಗದು, ಠೇವಣಿ ಕಟ್ಟಿದ ಮೇಲೆ, ನೂರ ಹತ್ತು.
ಠೇವಣಿಯೆಂದರೆ ಹತ್ತರ ನೋಟು, ಇಪ್ಪತ್ತರ ನೋಟು,
ಓಣಿಯ ಹೆಂಗಸರ ಅಕ್ಕಿಡಬ್ಬಿಗಳಿಂದ ಎದ್ದು ಬಂದದ್ದು.

ಸ್ಥಿರಾಸ್ತಿ?
ಬಾಡಿಗೆ ಮನೆ. ಇಲ್ಲ ಅಂತ ಹೊಡೆಯಹೋದೆ.
ಗುತ್ಯಮ್ಮ ಹಿಂದಿನಿಂದ ಬಗ್ಗಿದಳು:
"ಏ, ಇಲ್ಲ ಅಂತ ಯಾಕೆ ಬರೀತೀಯಪ್ಪ?
ಹುಟ್ಟಿದ್ದು ಆ ಓಣಿ. ಲಗ್ನ ಆಗಿ ಹೋಗಿದ್ದು ಎರಡು ಮನೆ ಆಚೆಗೆ.
ಗಂಡ ಹರಿಹರಕ್ಕೆ ಹೋಗಾಣ ಅಂದ್ರೂ ಅಲ್ಲಾಡ್ಲಿಲ್ಲ.
ಇವಳಷ್ಟು ಸ್ಥಿರ ಆಸ್ತಿ ನಮ್ಮ ವಾರ್ಡಾಗೆ ಯಾವ್ದೈತೆ?"
ಪಕ್ಕದಲ್ಲಿ ಕಾಯುತ್ತಿದ್ದ ಇನ್ನೊಬ್ಬರ ಏಜೆಂಟನೂ ನಕ್ಕ.
ಹೊನ್ನೂರಬಿ ಗಡಿಯಾರ ನೋಡಿದಳು.
"ಇಲ್ಲ ಅಂತ್ಲೇ ಹಾಕ್ರಿ. ಸುಳ್ಳು ಬರೆದ್ರೆ ಫಾರಂ ಹೋಗ್ತೈತೆ."

ಚಿಹ್ನೆಗೆ ಜರಡಿ ಕೇಳಿದಳು. ಪಟ್ಟಿಯಲ್ಲಿರಲಿಲ್ಲ.
ಏಣಿ ಇದೆ ನೋಡು, ಅಂದೆ.
"ಬ್ಯಾಡ. ಏಣಿ ಅಂದ್ರೆ ಹತ್ತೋರು ಒಬ್ರು,
ಹಿಡ್ಕಂಡು ನಿಂದ್ರೋರು ಹತ್ತು ಮಂದಿ."
ವಿಸಿಲ್ಲಿಗೆ ಗುರುತು ಹಾಕಿದಳು.

ನಾಲ್ಕು ಪುಟ, ನೂರ ಇಪ್ಪತ್ತು.
ಅವಳು ನೂರ ಹತ್ತನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ
ನನಗೆ ಥಟ್ಟನೆ ಹೊಳೆಯಿತು:
ಇದನ್ನು ತಗೊಂಡರೆ ಎರಡನೇ ಪುಟ ಸುಳ್ಳಾಗುತ್ತದೆ.
ಗೆದ್ದ ಮೇಲೆ ಕೊಡು, ಅಂದೆ.
"ಸೋತ್ರೆ?"
ಮುಂದಿನ ಅರ್ಜಿಗೆ ಸೇರಿಸು.
"ಅರ್ಜಿ ಹೆಂಗೂ ಐತೆ" ಅನ್ನುತ್ತ ಎದ್ದಳು.
ಬರಿಗಾಲ ಗುತ್ಯಮ್ಮ ಬಿಸಿಲಿಗೆ ಹಾರುತ್ತ ಹಾರುತ್ತ
ಅವಳ ಹಿಂದೆ ಗೇಟು ದಾಟಿದಳು.

ನನ್ನ ಓಟು ರೈಲ್ವೆ ಹಳಿಯ ಆಚೆ ವಾರ್ಡಿನದು.
ಅಲ್ಲಿ ನಿಂತವರು ಯಾರು ಅಂತ
ಆ ಸಂಜೆ, ಇಷ್ಟು ವರ್ಷದಲ್ಲಿ ಮೊದಲ ಸಲ,
ಗೋಡೆಗೆ ಅಂಟಿಸಿದ ಪಟ್ಟಿಯ ಹತ್ತಿರ ಹೋಗಿ
ಕನ್ನಡಕ ಹಾಕಿಕೊಂಡು ಓದಿದೆ.