ಕಾಣೆಯಾದ ಹಸು

ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ಚೀಟಿ ಅಂಟಿಸಿ ಕಳಿಸಿದ್ದರು ಮಿಸ್ ರೋವೆನಾ.
ಎದುರು ಮನೆಯ ಮಲಯಾಳಿ ಹುಡುಗಿ ಓದಿ ಅರ್ಥ ಹೇಳಿದಳು:
ದಿನಾ ರಾತ್ರಿ ಹದಿನೈದು ನಿಮಿಷ ಮಗುವಿಗೆ ಓದಿ ಹೇಳಿ,
ಯಾವ ಭಾಷೆಯಾದರೂ ಆದೀತು.

ಆದೀತು ಅಂದರೆ ಆಯಿತೇ?
ವಿಟ್ಲದಲ್ಲಿ ಏಳನೆಯದು ಮುಗಿಸಿ
ಶಾಲೆಯ ಚೀಲ ಗೂಟಕ್ಕೆ ಸಿಕ್ಕಿಸಿದವಳು ನಾನು.
ಮುಹರ್ರಕ್‌ನ ಈ ಎರಡು ಕೋಣೆಯಲ್ಲಿ
ಕನ್ನಡದಲ್ಲಿ ಅಚ್ಚಾದದ್ದು ಏನಿದೆಯೆಂದು ತಡಕಾಡಿದೆ.
ಸಿಕ್ಕಿತು, ಒಣಮೀನು ಸುತ್ತಿ ತಂದ ಪೇಪರಿನ ಅರ್ಧ ಹಾಳೆ.

ಹಾಲು ಸೊಸೈಟಿಯ ಮಹಾಸಭೆ, ಕೊಬ್ಬರಿಯ ಧಾರಣೆ,
ಯಾರದೋ ಉತ್ತರಕ್ರಿಯೆ. ಮೂಲೆಯಲ್ಲಿ ಒಂದು ಚೌಕ:
‘ಹಸು ಕಾಣೆಯಾಗಿದೆ. ಕಪ್ಪು ಬಣ್ಣ. ಬಲಗೊಂಬು ಮುರಿದಿದೆ.
ಕರೆದರೆ ಓಗೊಡುತ್ತದೆ. ಕಂಡವರು’
ಅಲ್ಲಿಗೆ ಹರಿದಿದೆ.

ನುಸೈಬಾ ಎದ್ದು ಕೂತಳು.
ಕಂಡವರು ಏನು ಮಾಡಬೇಕು ಉಮ್ಮಾ?
ನನಗೆ ಗೊತ್ತಿಲ್ಲ, ನೀನೇ ಹೇಳು ಅಂದೆ.
ಆ ರಾತ್ರಿ ಹಸು ಮೀನಿನ ಮಾರ್ಕೆಟ್ಟಿನ ಹಿಂದೆ ಮಲಗಿತ್ತು.
ಮರುರಾತ್ರಿ ವಿಮಾನ ನಿಲ್ದಾಣದ ಬಸ್ಸು ಹತ್ತಿ
ಚಿಲ್ಲರೆ ಇಲ್ಲದೆ ಇಳಿಯಿತು.
ಒಮ್ಮೆ ಅವಳಪ್ಪನ ನೀರಿನ ಟ್ಯಾಂಕರು ಪೂರ್ತಿ ಕುಡಿದುಬಿಟ್ಟಿತು.

ನಿದ್ದೆಗಣ್ಣಲ್ಲಿ ನಾನೊಂದು ಪದ ನುಂಗಿದರೆ
ಮೀನು ನಾರುವ ಹಾಳೆಯ ಮೇಲೆ ಬೆರಳು ಕುಟ್ಟುತ್ತಾಳೆ:
‘ಓಗೊಡುತ್ತದೆ’ ಬಿಟ್ಟೆ!
ಅಕ್ಷರ ಕಲಿಸುತ್ತೇನೆಂದು ನಾನು ಕೂತದ್ದೇ ಇಲ್ಲ.
ಒಂದು ದಿನ ‘ಮಹಾಸಭೆ’ಯ ನಡುವೆ ತಾನೇ ಹಿಡಿದಳು,
ಉಮ್ಮಾ, ಹಸುವಿನ ತಲೆ ಇಲ್ಲೂ ಇದೆ.

ಆಗಸ್ಟಿನ ಬೆಳಗು. ಒಳಗೆ ಏಸಿ, ಹೊರಗೆ ಬೇಯುವ ಸಮುದ್ರ.
ಇಲ್ಲಿ ಕಿಟಕಿ ಬೆವರುವುದು ಹೊರಮೈಯಲ್ಲಿ.
ಅಕ್ಕಿಹಿಟ್ಟು ನಾದುತ್ತಿದ್ದವಳು ತಲೆಯೆತ್ತಿದರೆ
ಬಾಲ್ಕನಿಯಲ್ಲಿ ಬರಿಗಾಲಲ್ಲಿ ನಿಂತು
ಗಾಜಿನ ಮೇಲೆ ಬೆರಳೆಳೆಯುತ್ತಿದ್ದಾಳೆ.

ಒಳಗಿದ್ದ ನನಗೆ ಎಲ್ಲ ತಿರುಗುಮುರುಗು,
ಎಡಕ್ಕೆ ಬಾಲ, ಬಲಕ್ಕೆ ತಲೆ.
ಮದರಸದಲ್ಲಿ ಕಲಿತ ಹಾಗೆ ಬಲದಿಂದ ಓದಿದೆ:
ಹ.
ಸು.

ಹ-ಕ್ಕೆ ತಲೆಕಟ್ಟು ಇಲ್ಲ.
ತಿದ್ದೋಣವೆಂದು ಹಿಟ್ಟಿನ ಕೈಯಲ್ಲೇ ಗಾಜು ತಟ್ಟಿದೆ.
ಅವಳು ಗಾಜಿಗೆ ಬಾಯಿ ಹಚ್ಚಿ ಕೂಗಿದಳು,
ಕೊಂಬು ಮುರಿದಿದೆಯಲ್ಲ, ನೀನೇ ಓದಿದ್ದು!

ಉನೈಸ್ ರಾತ್ರಿ ಪಾಳಿ ಮುಗಿಸಿ ಮೇಲೆ ಬರುವಷ್ಟರಲ್ಲಿ
ಕಾಲುಗಳೆಲ್ಲ ನೀಳವಾಗಿ
ಹಸು ಕಿಟಕಿಯ ಕಟ್ಟೆಗೆ ಇಳಿಯುತ್ತಿತ್ತು.
ಏನದು, ಎಂದರು.
ಮಗಳು ಅವರ ಜೇಬಿಗೆ ಕೈ ಹಾಕಿದಳು:
ಕಂಡವರು ನಾವೇ.
ಬೇಗ ಫೋನ್ ಮಾಡಿ.