ಎರಡು ಇಪ್ಪತ್ತು

ಲೂಕ, ಇಪ್ಪತ್ತನೆಯ ಅಧ್ಯಾಯ, ಇಪ್ಪತ್ತನೆಯ ವಾಕ್ಯ.
ಎರಡು ಇಪ್ಪತ್ತು. ನೆನಪಿಡಲು ಸುಲಭ,
ಆಮೇಲೆ ಎಲ್ಲಾದರೂ ಬರೆದುಕೊಡಬೇಕಾದವರಿಗೂ ಸುಲಭ.

ಹೊರಗೆ ಮುರೆಶ್ ಹೊಳೆ ಹೆಪ್ಪುಗಟ್ಟಿದೆ.
ಒಳಗೆ ನಾವು ಹನ್ನೊಂದು ಜನ, ಮಂಚದ ಮೇಲೆ ಹನ್ನೊಂದು ಕೋಟು,
ಮೊಳೆಯಲ್ಲಿ ಹನ್ನೆರಡನೆಯದು, ಅದರ ಬಗ್ಗೆ ಯಾರೂ ಕೇಳುವುದಿಲ್ಲ.
ಕಿಟಕಿಗೆ ಕಂಬಳಿ. ಮೂಲೆಯಲ್ಲಿ ವೆಟುರಿಯಾ ಗುಂಡಿ ಹೊಲಿಯುತ್ತಿದ್ದಾಳೆ.
ಈ ಒಲೆ ನಾನೇ ಕಟ್ಟಿದ್ದು. ಹೊಗೆ ಎಲ್ಲಿ ತಿರುಗುತ್ತದೆ,
ಎಲ್ಲಿ ಕಟ್ಟಿಕೊಳ್ಳುತ್ತದೆ ಗೊತ್ತು ನನಗೆ. ಪಾದ್ರಿಯ ಪಾಂಡಿತ್ಯವಿಲ್ಲ;
ವಾಕ್ಯವನ್ನೂ ಹಾಗೇ ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚುತ್ತೇನೆ.

ಮೊದಲ ಇಟ್ಟಿಗೆ: ಅವರು ಹೊಂಚು ಹಾಕಿದರು.
ಯಾರು? ದೊಡ್ಡವರು, ದೇವಾಲಯದವರು,
ಹಾಡಹಗಲೇ ಹಿಡಿಯಲು ಜನಕ್ಕೆ ಹೆದರಿದವರು.
ಹೆದರಿಕೆಗೆ ಅಧಿಕಾರ ಸಿಕ್ಕರೆ
ಅದು ಬಾಗಿಲ ಸಂದಿಯಲ್ಲಿ ನಿಲ್ಲುತ್ತದೆ.

ಆಮೇಲೆ, ಕಳಿಸಿದರು.
ತಾವೇ ಬರಲಿಲ್ಲ, ನೋಡಿ. ಬೂಟು ಕೆಸರಾಗಬಾರದು.
ಅವನ ಬಾಯಿಂದ ಒಂದು ಮಾತು ಜಾರಲಿ,
ದೇಶಾಧಿಪತಿಯ ಕೈಗೆ ಒಪ್ಪಿಸಿದರಾಯಿತು.

ಹೊಗೆ ಕಟ್ಟುವುದು ಇಲ್ಲಿ: ಸಾಚಾ ಮನುಷ್ಯರ ವೇಷದಲ್ಲಿ ಬಂದರು.
ಬಾಯಲ್ಲಿ ಬೆಲ್ಲ, ಬಗಲಲ್ಲಿ ಬಲೆ.
ಪ್ರಶ್ನೆ ಎಷ್ಟು ನಯ! ತೆರಿಗೆ ಕೊಡುವುದು ಸರಿಯೋ ತಪ್ಪೋ?
ಸರಿ ಅಂದರೆ ಜನ ಬಿಡರು, ತಪ್ಪು ಅಂದರೆ ಅಧಿಪತಿ ಬಿಡ.
ಅತ್ತ ದರಿ, ಇತ್ತ ಪುಲಿ.
ದರಿ ಅಗೆದವರೂ ಹುಲಿ ಸಾಕಿದವರೂ ಒಬ್ಬರೇ.

ಹೋದ ವಾರ ಟಾವಿ ಕೇಳಿದ, ಟೋಪಿ ಮಡಿಲಲ್ಲಿಟ್ಟುಕೊಂಡು:
“ಸಿಮಿಯೊನ್ ಅಣ್ಣ, ಭಾನುವಾರ ಮತ ಹಾಕಲು ಹೋಗಬೇಕೋ,
ಪ್ರಾರ್ಥನೆಗೆ ಬರಬೇಕೋ?”
ಎಲ್ಲರೂ ನನ್ನ ಬಾಯಿ ನೋಡಿದಿರಿ. ನಾನು ಚಹಾ ಕುಡಿದೆ.
ಕುಡಿದು ಮುಗಿದ ಮೇಲೂ ಲೋಟ ಇಳಿಸಲಿಲ್ಲ.

ಏಳಬೇಡ ಟಾವಿ, ಕೂರು.
ನಿನ್ನ ಮಗಳ ಉಬ್ಬಸ ನನಗೆ ಗೊತ್ತು.
ಈ ಊರಿನ ಯಾವ ಅಂಗಡಿಯಲ್ಲೂ ಇಲ್ಲದ ಔಷಧಿ
ನಿನಗೆ ಸಿಗುತ್ತಿದೆ ಎಂಬುದೂ ಗೊತ್ತು.
ಮಗು ಉಸಿರಾಡಲಿ.

ಇನ್ನೊಂದು ಇಟ್ಟಿಗೆಯಿದೆ. ತೆಗೆದರೆ ಒಲೆಯೇ ಬೀಳುತ್ತದೆ.
ತೆಗೆಯುತ್ತೇನೆ.

ಐವತ್ತೆರಡನೇ ಇಸವಿ. ಭುಜದೆತ್ತರದವರೆಗೆ ಹಸಿರು ಬಳಿದ ಗೋಡೆ.
ಎದುರು ಕೂತವನು ಹೊಡೆಯಲಿಲ್ಲ, ಸಿಗರೇಟು ಕೊಟ್ಟ.
ಹೊಡೆದಿದ್ದರೆ ಹೇಳಿಕೊಳ್ಳಲು ನನಗೊಂದು ನೆಪವಿರುತ್ತಿತ್ತು.
ನಾಲ್ಕು ಪುಟ ಬರೆದೆ. ಊಟದ ಮೇಜಿನಲ್ಲಿ ಲಿವಿಯು ಆಡಿದ್ದನ್ನು,
ನಾನೇ ಕೇಳಿ ಕೇಳಿ ಆಡಿಸಿದ್ದನ್ನು,
ಬೆಣ್ಣೆಯಿಂದ ಕೂದಲು ತೆಗೆದಂತೆ.
ಅವನನ್ನು ಕಾಲುವೆ ತೋಡಲು ಒಯ್ದರು.
ತಿರುಗಿ ಬಂದದ್ದು ಆ ಮೊಳೆಯಲ್ಲಿರುವ ಕೋಟು.

ವೆಟುರಿಯಾ, ನಿನ್ನ ಲಿವಿಯು. ನಾನು, ನಿನ್ನ ಅಣ್ಣ.
ಇಪ್ಪತ್ತೆರಡು ಚಳಿಗಾಲ ನಿನ್ನ ಕೈಯ ಚಹಾ ಕುಡಿದಿದ್ದೇನೆ.

ಟಾವಿ, ಬರೆಯುವುದಾದರೆ ಬರೆ.
ಅವರಿಗಿದು ಹಳೆಯ ಸುದ್ದಿ, ನನ್ನದೇ ಅಕ್ಷರದಲ್ಲಿ ಅವರ ಬೀರುವಿನಲ್ಲಿದೆ.
ಗೊತ್ತಿರದಿದ್ದದ್ದು ಈ ಕೋಣೆಗೆ ಮಾತ್ರ.
ಅದೊಂದು ದಾರ ಹಿಡಿದು ವರ್ಷ ವರ್ಷವೂ ಎಳೆಯುತ್ತಿದ್ದರು:
ಅವಳಿಗೆ ಹೇಳಿಬಿಡೋಣವೇ, ಸಿಮಿಯೊನ್?
ಹೇಳಿಯಾಯಿತು.

ಬಂದವರ ಬಗ್ಗೆ ಲೂಕ ಹೆಚ್ಚೇನೂ ಹೇಳುವುದಿಲ್ಲ.
ಉತ್ತರ ಕೇಳಿ ಬೆರಗಾದರು, ಸುಮ್ಮನಾದರು. ಅಷ್ಟೇ.
ಸುಮ್ಮನಾದವರು ಆ ರಾತ್ರಿ ಎಲ್ಲಿಗೆ ಹೋದರು?
ಕೂಲಿ ಕೇಳಿದರೋ? ಮನೆಯಲ್ಲಿ ಏನೆಂದರು?
ಇಷ್ಟು ವರ್ಷ ನಾನು ಓದಿದ್ದು ಅದನ್ನೇ,
ಪುಟದ ಅಂಚಿನಲ್ಲಿ, ಅಚ್ಚಾಗದ ಜಾಗದಲ್ಲಿ.

ಮುಂದಿನ ವಾಕ್ಯ ಅವರ ಮಾತು. ಗುರುವೇ ಎಂದು ಶುರುವಾಗುತ್ತದೆ,
ಹೊಗಳಿಕೆಯಿಂದ. ನಾನೇ ಓದುತ್ತೇನೆ,
ಆ ದನಿ ನನಗೆ ಬರುತ್ತದೆ.

ವೆಟುರಿಯಾ, ದೀಪ ಸ್ವಲ್ಪ ಇತ್ತ ಸರಿಸುತ್ತೀಯಾ?

ಬೇಡವೆಂದರೆ ಬೇಡ.
ಬಾಯಿಪಾಠವಾಗಿದೆ.